ಕಯೋಟಿಗೆ ಯಾವ ರೈಫಲ್? ಪ್ರಾಣಿ ನರಳದಂತೆ ಹೊಡೆಯಲು ಕ್ಯಾಲಿಬರ್ ಆರಿಸುವ ಬಗೆ

ಟೆಕ್ಸಸ್‌ನಲ್ಲಿ ಊರಾಚೆ ಹದಿನೈದು-ಇಪ್ಪತ್ತು ಎಕರೆ ಕೊಂಡು, ತೆರಿಗೆ ಕೃಷಿ ಜಮೀನಿನ ಲೆಕ್ಕದಲ್ಲಿ ಬೀಳಲಿ ಅಂತ ನಾಲ್ಕಾರು ಮೇಕೆ-ಕುರಿ ಸಾಕಿಕೊಂಡಿರುವ ನಮ್ಮವರು ಇದ್ದಾರೆ. ಮೊದಲ ಚಳಿಗಾಲಕ್ಕೇ ಕಯೋಟಿ ಅನ್ನೋ, ನರಿ-ತೋಳಗಳ ಬಳಗದ ಕಾಡುಪ್ರಾಣಿಯ ಪರಿಚಯ ಆಗುತ್ತದೆ. ರಾತ್ರಿ ಎರಡೇ ಪ್ರಾಣಿ ಕೂಗಿದರೂ ಇಪ್ಪತ್ತು ಇದ್ದಂತೆ ಕೇಳಿಸುತ್ತದೆ. ಬೆಳಿಗ್ಗೆ ಎಣಿಸಿದರೆ ಒಂದು ಮರಿ ಕಮ್ಮಿ. ಆಮೇಲೆ ಫೋನು ಬರುತ್ತದೆ: "ಅಣ್ಣಾ, ಯಾವ ಗನ್ ತಗೊಳ್ಳಲಿ?"

ಅಂಗಡಿಗೆ ಹೋದರೆ ಕೌಂಟರಿನವನು ಒಂದು ಹೇಳುತ್ತಾನೆ, ಪಕ್ಕದ ಜಮೀನಿನವನು ಇನ್ನೊಂದು. ಇಬ್ಬರೂ ಸುಳ್ಳು ಹೇಳುತ್ತಿಲ್ಲ. ತಮ್ಮ ಜಮೀನಿಗೆ, ತಮ್ಮ ಕೈಗೆ ಒಗ್ಗಿದ್ದನ್ನು ಹೇಳುತ್ತಾರೆ ಅಷ್ಟೇ. ನನ್ನ ಪ್ರಕಾರ ಕ್ಯಾಲಿಬರ್ (ಗುಂಡಿನ ಅಳತೆ) ಅನ್ನೋದು ನಿಮ್ಮ ಜಮೀನಿನ ದೂರದಿಂದ ಮತ್ತು ನಿಮ್ಮ ಗುರಿಯ ಮಟ್ಟದಿಂದ ತಾನಾಗಿ ಬರಬೇಕಾದ ಉತ್ತರ. ಒಂದೇ ಈಡಿಗೆ, ಕೆಲವೇ ಸೆಕೆಂಡಿನಲ್ಲಿ ಪ್ರಾಣಿ ಬೀಳಬೇಕು. ಆ ಖಾತ್ರಿ ಇಲ್ಲದಿದ್ದರೆ ಎಷ್ಟು ದೊಡ್ಡ ರೈಫಲ್ ಇದ್ದರೂ ಹೊಡೆಯಬಾರದು.

ಊರಲ್ಲಿ ಕೂತು ಓದುವವರಿಗೆ ಒಂದು ಮಾತು. ಇದು ಅಮೆರಿಕದ ವಿಷಯ. ನಮ್ಮ ಕಡೆ ನರಿ, ತೋಳ ಎರಡಕ್ಕೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆ ಇದೆ. ಕುರಿ ಹಿಡಿಯಿತು ಅಂತ ಕೋವಿ ಎತ್ತುವ ಹಾಗಿಲ್ಲ.

ಮೊದಲು ಕಾಗದಪತ್ರ

ಎಚ್-1ಬಿ, ಎಫ್-1 ಥರದ ವೀಸಾದಲ್ಲಿ ಇರುವವರು ಈ ಭಾಗವನ್ನು ಎರಡು ಸಲ ಓದಿ. ಅಮೆರಿಕದ ಫೆಡರಲ್ ಕಾನೂನಿನಂತೆ, ಇಂಥ ತಾತ್ಕಾಲಿಕ ವೀಸಾದವರು ಬಂದೂಕನ್ನಾಗಲಿ ತೋಟಾವನ್ನಾಗಲಿ ಇಟ್ಟುಕೊಳ್ಳುವ ಹಾಗಿಲ್ಲ. ಇದಕ್ಕೆ ಕೆಲವು ವಿನಾಯಿತಿಗಳಿವೆ. ನಮ್ಮವರಿಗೆ ಉಪಯೋಗಕ್ಕೆ ಬರುವುದು ಒಂದು: ಯಾವುದಾದರೂ ಅಮೆರಿಕನ್ ರಾಜ್ಯ ಕೊಟ್ಟ, ಚಾಲ್ತಿಯಲ್ಲಿರುವ ಬೇಟೆ ಲೈಸೆನ್ಸ್. ಟೆಕ್ಸಸ್‌ನ ಬೇಟೆ ಲೈಸೆನ್ಸ್ ಯಾವಾಗ ಕೊಂಡರೂ ಆಗಸ್ಟ್ 31ಕ್ಕೆ ಮುಗಿಯುತ್ತದೆ. ಅದು ಮುಗಿದ ದಿನ ನಿಮ್ಮ ವಿನಾಯಿತಿಯೂ ಮುಗಿಯಿತು, ಆದರೆ ರೈಫಲ್ ಮಾತ್ರ ಮನೆಯಲ್ಲೇ ಇರುತ್ತದೆ. "ಗೆಳೆಯನ ಗನ್ ತಾನೇ, ಎರಡು ಗುಂಡು ಹೊಡೆದರೆ ಏನಾಯ್ತು" ಅನ್ನೋ ಮಾತು ಕೂಡ ನಡೆಯುವುದಿಲ್ಲ. ಕೈಯಲ್ಲಿ ಹಿಡಿದರೂ ಇಟ್ಟುಕೊಂಡ ಲೆಕ್ಕಕ್ಕೇ ಬರಬಹುದು. ಅಂಗಡಿಯಲ್ಲಿ ತುಂಬಿಸುವ 4473 ಅನ್ನೋ ಫಾರಮ್ಮಿನಲ್ಲಿ ವೀಸಾದ ಪ್ರಶ್ನೆ ನೇರವಾಗಿಯೇ ಇರುತ್ತದೆ. ಅಲ್ಲಿ ತಪ್ಪು ಉತ್ತರ ಬರೆಯುವುದು ಅಪರಾಧ. ಗ್ರೀನ್ ಕಾರ್ಡಿನವರಿಗೆ ಈ ವೀಸಾ ಅಡ್ಡಿ ಇಲ್ಲ. ಉಳಿದವರು ರೈಫಲ್ ಅಂಗಡಿಗಿಂತ ಮೊದಲು ವಲಸೆ ವಕೀಲರ ಹತ್ತಿರ ಹೋಗಿ. ಒಂದು ಕಯೋಟಿಗಾಗಿ ವೀಸಾ ಕಳೆದುಕೊಳ್ಳುವುದು ಯಾರಿಗೆ ಬೇಕು, ಅಲ್ವಾ?

ಟೆಕ್ಸಸ್‌ನಲ್ಲಿ ಕಯೋಟಿಗೆ ನಿಷೇಧದ ತಿಂಗಳು ಅಂತ ಇಲ್ಲ. ಬೇಟೆ ಲೈಸೆನ್ಸ್ ಬೇಕು. ಸಾಕುಪ್ರಾಣಿಗಳ ಮೇಲೆ ಬಿದ್ದಿರುವ, ಬೀಳುವುದರಲ್ಲಿರುವ ಕಯೋಟಿಗೆ ಲೈಸೆನ್ಸ್ ಇಲ್ಲದೆಯೂ ಹೊಡೆಯಬಹುದು ಅಂತ ವಿನಾಯಿತಿ ಇದೆ. ಆದರೆ ವೀಸಾದವರ ಮೇಲಿನ ಫೆಡರಲ್ ನಿಯಮವನ್ನು ಅದು ತಪ್ಪಿಸುವುದಿಲ್ಲ. ಎರಡನ್ನೂ ಗೊಂದಲ ಮಾಡಿಕೊಳ್ಳಬೇಡಿ. 1971ರ ಸೆಪ್ಟೆಂಬರ್ 2 ಅಥವಾ ಅದರ ನಂತರ ಹುಟ್ಟಿದವರು ಬೇಟೆ ಶಿಕ್ಷಣದ ಕೋರ್ಸ್ ಕೂಡ ಮುಗಿಸಬೇಕು. ಇನ್ನೊಂದು ವಿಷಯ: 10 ಎಕರೆ ಅಥವಾ ಅದಕ್ಕಿಂತ ಸಣ್ಣ ಸೈಟುಗಳಿರುವ ಬಡಾವಣೆಯಲ್ಲಿ ಗುಂಡು ಹಾರಿಸುವುದನ್ನು ಕೌಂಟಿ (ನಮ್ಮ ಜಿಲ್ಲಾಡಳಿತದ ಥರ) ನಿಷೇಧಿಸಬಹುದು. ನಿಮ್ಮ ಕೌಂಟಿಯಲ್ಲಿ ಏನಿದೆ ಅಂತ ಫೋನು ಮಾಡಿ ಕೇಳಿ.

ಬೇರೆ ರಾಜ್ಯಗಳಲ್ಲಿ ಲೆಕ್ಕವೇ ಬೇರೆ. ಕೆಲವು ಕಡೆ ರಾತ್ರಿ ಹೊಡೆಯುವ ಹಾಗಿಲ್ಲ, ಕೆಲವು ಕಡೆ ಯಾವ ಕ್ಯಾಲಿಬರ್ ಬಳಸಬಹುದು ಅನ್ನೋದಕ್ಕೇ ಮಿತಿ ಇದೆ. ಕ್ಯಾಲಿಫೋರ್ನಿಯಾದಲ್ಲಿ 2019ರ ಜುಲೈ 1ರಿಂದ ಯಾವ ಬೇಟೆಗೂ ಸೀಸದ ಗುಂಡು ಬಳಸುವಂತಿಲ್ಲ. ಮುಂದೆ ಹೇಳುವ ಎಷ್ಟೋ ಗುಂಡುಗಳು ಅಲ್ಲಿ ನಡೆಯುವುದೇ ಇಲ್ಲ.

ಹೊಡೆಯಲೇಬೇಕಾ ಅಂತ ಒಮ್ಮೆ ಕೇಳಿಕೊಳ್ಳಿ

ಎಲ್ಲ ಕಯೋಟಿಯೂ ಕುರಿ ಹಿಡಿಯುವುದಿಲ್ಲ. ಇಲಿ, ಮೊಲ, ಬಿದ್ದ ಹಣ್ಣು ತಿಂದುಕೊಂಡು ಹೋಗುವವೇ ಜಾಸ್ತಿ. ಬೇಲಿಯ ಕೆಳಗಿನ ಸಂದು ಮುಚ್ಚಿ. ರಾತ್ರಿ ಮೇಕೆಗಳನ್ನು ಕೊಟ್ಟಿಗೆಗೆ ಕೂಡಿ. ಗ್ರೇಟ್ ಪಿರನೀಸ್ ಅಥವಾ ಅನಟೋಲಿಯನ್ ಜಾತಿಯ ಕಾವಲು ನಾಯಿ ಮಂದೆಯ ಜೊತೆಯಲ್ಲೇ ಬೆಳೆದರೆ ರೈಫಲ್ಲಿನ ಕೆಲಸ ಅರ್ಧಕ್ಕರ್ಧ ಕಮ್ಮಿಯಾಗುತ್ತದೆ. ಸುಮ್ನೆ ಕಂಡಿದ್ದಕ್ಕೆಲ್ಲ ಗುಂಡು ಹಾಕುತ್ತಾ ಹೋದರೆ ಖಾಲಿಯಾದ ಜಾಗಕ್ಕೆ ಬೇರೆ ಕಡೆಯ ಎಳೆಯ ಕಯೋಟಿಗಳು ಬಂದು ಸೇರಿಕೊಳ್ಳುತ್ತವೆ.

ಕಯೋಟಿ ಮರಿ ಹಾಕುವುದು ಸಾಮಾನ್ಯವಾಗಿ ಏಪ್ರಿಲ್, ಮೇ ಹೊತ್ತಿಗೆ. ಆಗ ತಾಯಿಯನ್ನು ಹೊಡೆದರೆ ಗುಹೆಯಲ್ಲಿ ಮರಿಗಳು ಹಸಿದು ಸಾಯುತ್ತವೆ. ನರಳದಂತೆ ಹೊಡೆಯಬೇಕು ಅನ್ನುವವರು ಈ ತಿಂಗಳುಗಳನ್ನು ಬಿಟ್ಟುಬಿಡಬೇಕು. ಮಂದೆಗೇ ಕೈ ಹಾಕಿದ್ದು ಇದೇ ಪ್ರಾಣಿ ಅಂತ ಗೊತ್ತಿದ್ದರೆ ಮಾತು ಬೇರೆ.

ಗುರುತು ಕೂಡ ಖಾತ್ರಿ ಇರಬೇಕು. ಪಕ್ಕದವರ ನಾಯಿ ಮಬ್ಬುಗತ್ತಲಲ್ಲಿ ಕಯೋಟಿಯಂತೆಯೇ ಕಾಣುತ್ತದೆ. ಅರಿಜೋನಾ, ನ್ಯೂ ಮೆಕ್ಸಿಕೋದಲ್ಲಿ ಮೆಕ್ಸಿಕನ್ ತೋಳ ಇದೆ, ನಾರ್ತ್ ಕ್ಯಾರೊಲೈನಾದ ಪೂರ್ವದಂಚಿನಲ್ಲಿ ಕೆಂಪು ತೋಳ ಇದೆ. ಎರಡೂ ಫೆಡರಲ್ ರಕ್ಷಣೆಯಲ್ಲಿರುವ ಪ್ರಾಣಿಗಳು.

ಪ್ರಾಣಿಯ ನಿಜವಾದ ಅಳತೆ

ಚಳಿಗಾಲದ ಕಯೋಟಿ ನೋಡಿದರೆ ದೊಡ್ಡ ನಾಯಿಯಷ್ಟು ಕಾಣುತ್ತದೆ. ಆದರೆ ಮೋಸ ಮಾಡುವುದು ಕೂದಲು. ಬಿದ್ದ ಪ್ರಾಣಿಯ ಪಕ್ಕೆಯ ಮೇಲೆ ಕೈಯಿಟ್ಟರೆ ಬೆರಳು ಕೂದಲಿನೊಳಗೆ ಇಳಿದು ಇಳಿದು ಆಮೇಲೆ ಮೈಗೆ ತಾಗುತ್ತದೆ. ಬೆನ್ನಿನ ಗೆರೆ ಅಂತ ನಾವು ದೂರದಿಂದ ನೋಡುವುದು ಎಷ್ಟೋ ಸಲ ಬರೀ ನಿಮಿರಿದ ಕೂದಲು. ತೂಕ 9ರಿಂದ 20 ಕಿಲೋ ಒಳಗೆ. ನಮ್ಮ ನರಿಗಿಂತ ದೊಡ್ಡದು, ತೋಳಕ್ಕಿಂತ ಸಣ್ಣದು. ಪೂರ್ವ ರಾಜ್ಯಗಳ ಕಯೋಟಿ ಸ್ವಲ್ಪ ದಪ್ಪ, ಟೆಕ್ಸಸ್‌ನದು ತೆಳು.

ಗುಂಡು ತಾಗಬೇಕಾದ ಜಾಗ ಹೃದಯ ಮತ್ತು ಶ್ವಾಸಕೋಶ. ಅಡ್ಡ ನಿಂತ ಪ್ರಾಣಿಯ ಮುಂಗಾಲಿನ ಹಿಂದೆ, ಎದೆಯ ನಡುವಿಗಿಂತ ತುಸು ಕೆಳಗೆ, ನಾಲ್ಕರಿಂದ ಐದು ಇಂಚು ಅಗಲದ ಒಂದು ವೃತ್ತ. ಮನೆಯಲ್ಲಿ ಹಳೇ ಸಿಡಿ ಇದ್ದರೆ ಕೈಯಲ್ಲಿ ಹಿಡಿದು ನೋಡಿ. ಅದರ ಅಗಲ 12 ಸೆಂಟಿಮೀಟರ್, ಅಂದರೆ ಸುಮಾರು 4.7 ಇಂಚು. ಅಷ್ಟೇ ನಿಮ್ಮ ಗುರಿ. ಮುಂದಿನ ಲೆಕ್ಕವೆಲ್ಲ ಈ ಸಿಡಿಯ ಮೇಲೆಯೇ.

ತಲೆಗೆ ಹೊಡೆದರೆ ತಕ್ಷಣ ಸಾಯುತ್ತದಲ್ಲ ಅನ್ನುತ್ತಾರೆ. ಮೆದುಳಿನ ಜಾಗ ತೀರಾ ಸಣ್ಣದು. ಕಯೋಟಿಯ ತಲೆ ಒಂದು ಕ್ಷಣವೂ ಸುಮ್ಮನಿರುವುದಿಲ್ಲ. ಗುಂಡು ಎರಡು ಇಂಚು ಆಚೀಚೆ ಆದರೆ ದವಡೆ ಮುರಿಯುತ್ತದೆ, ಪ್ರಾಣಿ ಓಡಿಹೋಗಿ ದಿನಗಟ್ಟಲೆ ಉಪವಾಸ ಬಿದ್ದು ಸಾಯುತ್ತದೆ. ಎದೆಗೇ ಹೊಡೆಯಿರಿ.

ಜಮೀನಿನ ದೂರ ಅಳೆಯಿರಿ

ಕ್ಯಾಲಿಬರ್ ಬಗ್ಗೆ ಯೋಚಿಸುವ ಮೊದಲು ಒಂದು ಸಂಜೆ ದೂರ ಅಳೆಯುವ ಲೇಸರ್ ರೇಂಜ್‌ಫೈಂಡರ್ ಹಿಡಿದು ಜಮೀನಿನಲ್ಲಿ ಕೂತುಕೊಳ್ಳಿ. ನೀವು ಎಲ್ಲಿ ಕೂರುತ್ತೀರಿ, ಕಯೋಟಿ ಎಲ್ಲಿಂದ ಬರುತ್ತದೆ, ಪೊದೆ ದಾಟಿ ಬಯಲಿಗೆ ಬಿದ್ದಾಗ ಎಷ್ಟು ದೂರದಲ್ಲಿರುತ್ತದೆ, ಇದಿಷ್ಟನ್ನೂ ಗಜದ ಲೆಕ್ಕದಲ್ಲಿ ಬರೆದಿಟ್ಟುಕೊಳ್ಳಿ. ಸೆಂಟ್ರಲ್ ಟೆಕ್ಸಸ್‌ನ ಮೆಸ್ಕೀಟ್, ಸೀಡರ್ ಗಿಡಗಳ ನಡುವೆ 150 ಗಜಕ್ಕಿಂತ ಜಾಸ್ತಿ ನೋಟ ಸಿಗುವುದೇ ಅಪರೂಪ. ಟೆಕ್ಸಸ್‌ನ ಉತ್ತರ ತುದಿಯ ಪ್ಯಾನ್‌ಹ್ಯಾಂಡಲ್ ಕಡೆ, ವಯೋಮಿಂಗ್ ರಾಜ್ಯದ ಕಡೆ ಹೋದರೆ 300 ಗಜ ಕೂಡ ಹತ್ತಿರ ಅನ್ನಿಸುತ್ತದೆ. ಇಬ್ಬರಿಗೂ ಒಂದೇ ರೈಫಲ್ ಹೇಳಿದರೆ ತಪ್ಪಾಗುತ್ತದೆ.

ಗುಂಡು ತಪ್ಪಿದರೆ ಎಲ್ಲಿಗೆ ಹೋಗುತ್ತದೆ ಅಂತಲೂ ನೋಡಿ. ಹಿಂದೆ ಮಣ್ಣಿನ ದಿಬ್ಬ ಇರಬೇಕು. ಇಲ್ಲವೇ ನೀವು ಎತ್ತರದಲ್ಲಿ ಕೂತು ಕೆಳಗೆ ಹೊಡೆಯುವಂತಿರಬೇಕು. ಸಣ್ಣ ಗುಂಡು ಅಂತ ಉದಾಸೀನ ಬೇಡ. .22 ಎಲ್‌ಆರ್ ಅನ್ನೋ ಪುಟ್ಟ ತೋಟಾದ ಡಬ್ಬಿಯ ಮೇಲೇ ಒಂದೂವರೆ ಮೈಲಿಯವರೆಗೆ ಅಪಾಯ ಅಂತ ಎಚ್ಚರಿಕೆ ಇರುತ್ತದೆ.

ಆ ಸಂಖ್ಯೆಗಳ ಅರ್ಥ

ಮಲೆನಾಡು, ಕೊಡಗಿನ ಕಡೆಯವರು ಕೋವಿ ನೋಡಿರುತ್ತಾರೆ. ಆದರೆ ಅಲ್ಲಿ ಹೆಚ್ಚಾಗಿ ಕಾಣುವುದು 12 ಬೋರು, ಚರೆ ತುಂಬಿದ ತೋಟಾ. ರೈಫಲ್‌ನದು ಒಂಟಿ ಗುಂಡು. ನಳಿಗೆಯ ಒಳಗೆ ತಿರುಪಿನ ಗೆರೆ ಕೊರೆದಿರುತ್ತಾರೆ, ಗುಂಡು ಗಿರಗಿರ ತಿರುಗುತ್ತಾ ನೇರ ಹೋಗುತ್ತದೆ. ಕ್ಯಾಲಿಬರ್ ಅಂದರೆ ಸುಮಾರಾಗಿ ಗುಂಡಿನ ದಪ್ಪ, ಇಂಚಿನ ಲೆಕ್ಕದಲ್ಲಿ. ಆದರೆ ದಪ್ಪ ಒಂದೇ ನೋಡಿದರೆ ಏನೂ ತಿಳಿಯುವುದಿಲ್ಲ. .22 ಎಲ್‌ಆರ್ ಮತ್ತು .223 ರೆಮಿಂಗ್ಟನ್ ಗುಂಡುಗಳ ದಪ್ಪ ಹೆಚ್ಚುಕಡಿಮೆ ಒಂದೇ. ಮೊದಲನೆಯದು 40 ಗ್ರೇನ್ ತೂಕ, ಸೆಕೆಂಡಿಗೆ ಸುಮಾರು 1,200 ಅಡಿ ವೇಗ. ಎರಡನೆಯದು 55 ಗ್ರೇನ್, ಅಂದರೆ ಮೂರೂವರೆ ಗ್ರಾಂ, ಸೆಕೆಂಡಿಗೆ 3,240 ಅಡಿ. ನಳಿಗೆ ಬಿಡುವಾಗ ಮೊದಲನೆಯದರ ಶಕ್ತಿ 130 ಅಡಿ-ಪೌಂಡ್ ಆಸುಪಾಸು, ಎರಡನೆಯದರದ್ದು 1,280. ಹತ್ತಿರ ಹತ್ತಿರ ಹತ್ತು ಪಟ್ಟು.

ಕಯೋಟಿಗೆ ಈ ವೇಗವೇ ಮುಖ್ಯ. ವೇಗದ ಗುಂಡು ಎದೆಯೊಳಗೆ ಹೋಗಿ ಅರಳುತ್ತದೆ ಅಥವಾ ಚೂರಾಗುತ್ತದೆ. ಶ್ವಾಸಕೋಶ ಹರಿಯುತ್ತದೆ, ರಕ್ತದೊತ್ತಡ ಒಮ್ಮೆಲೇ ಕುಸಿಯುತ್ತದೆ, ಪ್ರಾಣಿಗೆ ಎಚ್ಚರ ತಪ್ಪುತ್ತದೆ. ನಿಧಾನದ ಸಣ್ಣ ಗುಂಡು ಬರೀ ತೂತು ಮಾಡುತ್ತದೆ. ಪ್ರಾಣಿ ಓಡಿ ಪೊದೆ ಸೇರುತ್ತದೆ, ಎಲ್ಲೋ ಗಂಟೆಗಟ್ಟಲೆ ನರಳುತ್ತದೆ. ನೀವು ಗುರಿ ತಪ್ಪಿತು ಅಂದುಕೊಂಡು ಮನೆಗೆ ಬರುತ್ತೀರಿ.

ಬೇಡವಾದವು, ಗಡಿಯಲ್ಲಿರುವವು

.22 ಎಲ್‌ಆರ್ ಬೇಡ. ಮನೆಯಲ್ಲಿ ಇದೆ, ಅಗ್ಗ, ಸದ್ದು ಕಮ್ಮಿ, ಎಲ್ಲ ನಿಜ. ನೂರು ಗಜಕ್ಕೆ ಹೋಗುವಷ್ಟರಲ್ಲಿ ಅದರಲ್ಲಿ ಉಳಿಯುವುದು 90 ಅಡಿ-ಪೌಂಡ್ ಚಿಲ್ಲರೆ. ಅದು ಅಳಿಲು, ಮೊಲದ ರೈಫಲ್. ಇದರಲ್ಲೇ ಕಯೋಟಿ ಹೊಡೆದೆ ಅನ್ನುವವರು ಸಿಗುತ್ತಾರೆ. ಬಿದ್ದ ಕಯೋಟಿಯ ಕಥೆ ಅವರು ಹೇಳುತ್ತಾರೆ. ಗಾಯವಾಗಿ ಓಡಿಹೋದವುಗಳ ಕಥೆ ಯಾರೂ ಹೇಳುವುದಿಲ್ಲ.

.17 ಎಚ್‌ಎಂಆರ್ 2002ರಲ್ಲಿ ಬಂದ ತೋಟಾ. ವೇಗ ಸೆಕೆಂಡಿಗೆ 2,550 ಅಡಿ, ಗುರಿ ಸೂಜಿಯಷ್ಟು ನೇರ. ಆದರೆ ಗುಂಡಿನ ತೂಕ ಬರೀ 17 ಗ್ರೇನ್. ಭುಜದ ಮೂಳೆಗೆ ತಾಗಿದರೆ ಒಳಗೆ ಹೋಗುವ ಮೊದಲೇ ಪುಡಿಯಾಗುತ್ತದೆ. .22 ಮ್ಯಾಗ್ನಮ್ ಇದಕ್ಕಿಂತ ಸ್ವಲ್ಪ ವಾಸಿ. 40 ಗ್ರೇನ್, ನಳಿಗೆಯಲ್ಲಿ 320 ಅಡಿ-ಪೌಂಡ್. ಮನೆಗಳು ಹತ್ತಿರ ಇರುವ ಕಡೆ, ಪ್ರಾಣಿ 75 ಗಜದೊಳಗೆ ಅಡ್ಡ ನಿಂತಿದ್ದರೆ, ಕೈ ಪಳಗಿದವರು ಇದನ್ನು ಬಳಸುತ್ತಾರೆ. ಹೊಸಬರಿಗೆ ನಾನು ಹೇಳುವುದಿಲ್ಲ. ಗಡಿಯಲ್ಲಿರುವ ಕ್ಯಾಲಿಬರ್ ಪಳಗಿದವರ ಕೈಗೆ, ಹೊಸಬರಿಗಲ್ಲ.

.22 ಹಾರ್ನೆಟ್ 1930ರ ದಶಕದ ಹಳೇ ತೋಟಾ. ಸುಮಾರು 700 ಅಡಿ-ಪೌಂಡ್. 150 ಗಜದವರೆಗೆ ಚೆನ್ನಾಗಿ ಕೆಲಸ ಮಾಡುತ್ತದೆ, ಸದ್ದೂ ಕಮ್ಮಿ. ಎಲ್ಲ ಅಂಗಡಿಯಲ್ಲಿ ತೋಟಾ ಸಿಗುವುದಿಲ್ಲ ಅನ್ನೋದೊಂದೇ ತೊಂದರೆ.

ಇನ್ನೊಂದು ತುದಿಯಲ್ಲಿ .308, .30-06. ಜಿಂಕೆಗೆ ಅಂತ ಮನೆಯಲ್ಲಿ ಇದ್ದರೆ ಕಯೋಟಿಗೂ ಆಗುತ್ತದೆ, ಪ್ರಾಣಿ ಖಂಡಿತ ಸಾಯುತ್ತದೆ. ಆದರೆ ಜಿಂಕೆಯ ಗುಂಡು ಗಟ್ಟಿ. ತೆಳು ಕಯೋಟಿಯ ಮೈಯಲ್ಲಿ ಹಾದು ಆಚೆ ಹೋಗಿ ಇನ್ನೂ ಎಷ್ಟೋ ದೂರ ಓಡುತ್ತದೆ. ಹಿಂದೆ ದಿಬ್ಬ ಇಲ್ಲದ ಸಣ್ಣ ಜಮೀನಿಗೆ ಇದು ಸರಿಯಲ್ಲ.

ನಿಜವಾಗಿ ಆರಿಸಬೇಕಾದ ನಾಲ್ಕು

.223 ರೆಮಿಂಗ್ಟನ್. ನೂರಕ್ಕೆ ತೊಂಬತ್ತು ಜನರಿಗೆ ನನ್ನ ಉತ್ತರ ಇದೇ. 1964ರಿಂದ ಇದೆ, ಯಾವ ಊರಿನ ಅಂಗಡಿಗೆ ಹೋದರೂ ತೋಟಾ ಸಿಗುತ್ತದೆ. ಈ ನಾಲ್ಕರಲ್ಲಿ ಇದೇ ಅಗ್ಗ. ಅಗ್ಗ ಅನ್ನೋದು ಸಣ್ಣ ವಿಷಯ ಅಲ್ಲ. ತೋಟಾ ದುಬಾರಿಯಾದರೆ ಅಭ್ಯಾಸ ನಿಲ್ಲುತ್ತದೆ, ಅಭ್ಯಾಸ ನಿಂತರೆ ನರಳುವುದು ಪ್ರಾಣಿ. ಹಿಂದೊದೆತ ತೀರಾ ಕಮ್ಮಿ. ಗುಂಡು ಎಲ್ಲಿ ತಾಗಿತು ಅಂತ ಸ್ಕೋಪಿನಲ್ಲೇ (ರೈಫಲ್ ಮೇಲಿನ ದುರ್ಬೀನು) ನೋಡಬಹುದು. ಬೇಕಾದರೆ ಎರಡನೇ ಈಡು ತಕ್ಷಣ ಹೊಡೆಯಬಹುದು. 200 ಗಜದಲ್ಲಿಯೂ 55 ಗ್ರೇನ್ ಗುಂಡಿನಲ್ಲಿ 700 ಅಡಿ-ಪೌಂಡಿಗಿಂತ ಜಾಸ್ತಿ ಉಳಿದಿರುತ್ತದೆ. ಹಾರ್ನೆಟ್ ನಳಿಗೆಯಲ್ಲಿ ಕೊಡುವಷ್ಟನ್ನು ಇದು 200 ಗಜದಲ್ಲಿ ಕೊಡುತ್ತದೆ. 225 ಗಜದವರೆಗೆ ಬೇರೇನೂ ಯೋಚಿಸಬೇಕಿಲ್ಲ.

.22-250 ರೆಮಿಂಗ್ಟನ್. ಅದೇ ದಪ್ಪದ ಗುಂಡು, ಹಿಂದೆ ಮದ್ದು ಜಾಸ್ತಿ. 55 ಗ್ರೇನ್ ಗುಂಡು ಸೆಕೆಂಡಿಗೆ 3,680 ಅಡಿ. 300 ಗಜದ ಬಯಲಿಗೆ ಇದು ಹೇಳಿ ಮಾಡಿಸಿದ್ದು. ಸದ್ದು ಜೋರು, ತೋಟಾ ದುಬಾರಿ, ನಳಿಗೆ ಬೇಗ ಸವೆಯುತ್ತದೆ. ವರ್ಷಕ್ಕೆ ನಾಲ್ಕಾರು ಕಯೋಟಿ ಹೊಡೆಯುವವರಿಗೆ ಸವೆತದ ಚಿಂತೆ ಬೇಡ.

.204 ರೂಗರ್. 2004ರಲ್ಲಿ ಬಂತು. 32 ಗ್ರೇನ್ ಗುಂಡು ಸೆಕೆಂಡಿಗೆ 4,225 ಅಡಿ, ಹಿಂದೊದೆತ ಇಲ್ಲವೇ ಇಲ್ಲ ಅನ್ನಬೇಕು. ಚರ್ಮ ಉಳಿಸಿಕೊಳ್ಳುವವರಿಗೆ ಇಷ್ಟ, ಯಾಕಂದರೆ ಒಳಗೆ ಹೋದ ತೂತು ಸಣ್ಣದು, ಆಚೆ ಬರುವ ತೂತು ಎಷ್ಟೋ ಸಲ ಇರುವುದೇ ಇಲ್ಲ. ಇದರ ಹಗುರತನವೇ ಇದರ ಕೊರತೆ. ಎದುರಿನಿಂದ ಭುಜದ ಮೂಳೆಗೆ ತಾಗಿದರೆ 32 ಗ್ರೇನ್ ಗುಂಡು ಮೇಲೆಯೇ ಒಡೆಯಬಹುದು. ಕಯೋಟಿಗೆ ಅಂತಾದರೆ 39 ಅಥವಾ 40 ಗ್ರೇನ್ ತಗೊಳ್ಳಿ, ಅಡ್ಡ ನಿಂತಾಗ ಮಾತ್ರ ಹೊಡೆಯಿರಿ.

.243 ವಿಂಚೆಸ್ಟರ್. .308ರ ತೋಟಾದ ಕತ್ತು ಸಣ್ಣ ಮಾಡಿ 1955ರಲ್ಲಿ ತಂದದ್ದು. 58 ಗ್ರೇನ್ ಗುಂಡು ಕಯೋಟಿಗೆ, 100 ಗ್ರೇನ್ ಗುಂಡು ಜಿಂಕೆಗೆ. ಒಂದೇ ರೈಫಲ್‌ನಲ್ಲಿ ಎರಡೂ ಕೆಲಸ ಆಗಬೇಕು ಅನ್ನುವವರಿಗೆ ಇದು. ಗಾಳಿ ಬೀಸುವ ಬಯಲಿನಲ್ಲಿ 87 ಗ್ರೇನಿನ ಗುಂಡು ಉಳಿದ ಮೂರಕ್ಕಿಂತಲೂ ಕಮ್ಮಿ ಸರಿಯುತ್ತದೆ. ಹಿಂದೊದೆತ .223ಕ್ಕಿಂತ ಜಾಸ್ತಿ. ತಡೆಯಲಾರದಷ್ಟೇನಲ್ಲ, ಆದರೆ ಹೊಸಬರು ಕುದುರೆ (ಟ್ರಿಗರ್) ಎಳೆಯುವಾಗ ಕಣ್ಣು ಮುಚ್ಚಲು ಇಷ್ಟೇ ಸಾಕು.

6.5 ಕ್ರೀಡ್‌ಮೋರ್, .224 ವಾಲ್ಕಿರಿ ಅಂತ ಇನ್ನೂ ಹತ್ತು ಹೆಸರು ಕೇಳುತ್ತೀರಿ. ಕೆಟ್ಟವೇನಲ್ಲ. ಈ ನಾಲ್ಕರಲ್ಲಿ ಆಗದ ಯಾವ ಕೆಲಸವನ್ನೂ ಅವು ನಿಮ್ಮ ಇಪ್ಪತ್ತು ಎಕರೆಯಲ್ಲಿ ಮಾಡುವುದಿಲ್ಲ.

ಕ್ಯಾಲಿಬರ್‌ಗಿಂತ ಗುಂಡು ದೊಡ್ಡ ವಿಷಯ

ಒಂದೇ .223 ರೈಫಲ್‌ಗೆ ಅಂಗಡಿಯಲ್ಲಿ ಹತ್ತಾರು ಥರದ ಡಬ್ಬಿ ಇರುತ್ತವೆ. ಅಗ್ಗದ್ದು ನೋಡಿದರೆ ಎಫ್‌ಎಂಜೆ ಅಂತ ಬರೆದಿರುತ್ತದೆ. ಅಂದರೆ ಗುಂಡಿಗೆ ಪೂರ್ತಿ ತಾಮ್ರದ ಕವಚ. ಅದು ಕಾಗದಕ್ಕೆ ಹೊಡೆದು ಅಭ್ಯಾಸ ಮಾಡಲು. ಪ್ರಾಣಿಯ ಮೈಯಲ್ಲಿ ಅದು ಅರಳುತ್ತದೆ ಅನ್ನೋ ಭರವಸೆ ಇಲ್ಲ. ಎಷ್ಟೋ ಸಲ ಸೀದಾ ಹಾದುಹೋಗುತ್ತದೆ. ಎದೆಗೇ ತಾಗಿದ್ದರೂ ಕಯೋಟಿ ಇನ್ನೂರು ಗಜ ಓಡಿತು ಅಂತ ಯಾರಾದರೂ ಹೇಳಿದರೆ, ಮೊದಲು ಡಬ್ಬಿ ತೋರಿಸಿ ಅಂತ ಕೇಳಿ.

ಕಯೋಟಿಗೆ ಬೇಕಾದದ್ದು ಬೇಗ ಅರಳುವ ಗುಂಡು. ಹಾರ್ನಡಿಯ ವಿ-ಮ್ಯಾಕ್ಸ್, ನೋಸ್ಲರ್‌ನ ಬ್ಯಾಲಿಸ್ಟಿಕ್ ಟಿಪ್ ವಾರ್ಮಿಂಟ್, ಸಿಯೆರಾದ ಬ್ಲಿಟ್ಜ್‌ಕಿಂಗ್ ಈ ಜಾತಿಯವು. ಕೈಯಲ್ಲಿ ಹಿಡಿದು ನೋಡಿದರೆ ತುದಿಯಲ್ಲಿ ಪುಟ್ಟ ಪ್ಲಾಸ್ಟಿಕ್ ಮೊನೆ ಕಾಣುತ್ತದೆ. ತಾಗಿದ ಕೂಡಲೇ ಆ ಮೊನೆ ಹಿಂದಕ್ಕೆ ನುಗ್ಗಿ ತೆಳು ಕವಚವನ್ನು ಸೀಳುತ್ತದೆ. ಗುಂಡಿನ ಶಕ್ತಿಯೆಲ್ಲ ಎದೆಯೊಳಗೇ ಖರ್ಚಾಗುತ್ತದೆ. ನೆಲಕ್ಕೆ ತಾಗಿದರೂ ಒಡೆದುಹೋಗುವುದು ಜಾಸ್ತಿ, ಹಾಗಾಗಿ ಪುಟಿದು ಪಕ್ಕದ ಜಮೀನಿಗೆ ಹಾರುವ ಸಾಧ್ಯತೆ ಕಮ್ಮಿ. ಕಮ್ಮಿ ಅಂದೆ, ಇಲ್ಲ ಅನ್ನಲಿಲ್ಲ.

ತೂಕ ಎಷ್ಟಿರಬೇಕು? .223 ಮತ್ತು .22-250ಗೆ 50ರಿಂದ 55 ಗ್ರೇನ್. 35, 40 ಗ್ರೇನಿನ ಹಗುರ ಗುಂಡುಗಳು ಪ್ರೇರಿ ಡಾಗ್ ಥರದ ಸಣ್ಣ ಪ್ರಾಣಿಗೆ ಮಾಡಿದ್ದು. .22-250ಯ ವೇಗದಲ್ಲಿ ಅವು ಕಯೋಟಿಯ ಭುಜದ ಮೇಲೆಯೇ ಸಿಡಿದು ದೊಡ್ಡ ಗಾಯ ಮಾಡುತ್ತವೆ, ಒಳಗೆ ಹೋಗುವುದಿಲ್ಲ. ನೋಡಲು ಭಯಂಕರ, ಆದರೆ ಪ್ರಾಣಿ ಬದುಕಿರುತ್ತದೆ. ಇದಕ್ಕಿಂತ ಕೆಟ್ಟ ಈಡು ಇನ್ನೊಂದಿಲ್ಲ.

ಕ್ಯಾಲಿಫೋರ್ನಿಯಾದವರು ಬಾರ್ನ್ಸ್ ವಾರ್ಮಿಂಟ್ ಗ್ರೆನೇಡ್ ಥರದ ಸೀಸವಿಲ್ಲದ ಗುಂಡು ಹುಡುಕಬೇಕು. ಉಳಿದ ರಾಜ್ಯದವರೂ ಯೋಚಿಸಬಹುದು. ಗುಂಡಿನ ಸೀಸದ ಚೂರು ಹೆಣದಲ್ಲೇ ಉಳಿಯುತ್ತದೆ. ಅದನ್ನು ತಿಂದ ಹದ್ದು, ರಣಹದ್ದುಗಳಿಗೆ ವಿಷವಾಗುತ್ತದೆ.

ರೈಫಲ್ ಕೊಳ್ಳುವಾಗ

ನಳಿಗೆಯ ಮೇಲೆ 1:12, 1:9, 1:8 ಅಂತ ಬರೆದಿರುತ್ತದೆ. ಎಷ್ಟು ಇಂಚಿಗೆ ಗುಂಡು ಒಂದು ಸುತ್ತು ತಿರುಗುತ್ತದೆ ಅನ್ನೋ ಲೆಕ್ಕ ಅದು. .223ರಲ್ಲಿ 1:9 ಅಥವಾ 1:8 ಇದ್ದರೆ 55 ಗ್ರೇನ್ ಚೆನ್ನಾಗಿ ಹೋಗುತ್ತದೆ, ಮುಂದೆ ಭಾರದ ಗುಂಡು ಹಾಕಬೇಕು ಅನ್ನಿಸಿದರೂ ದಾರಿ ಇರುತ್ತದೆ. ಹಳೇ .22-250ಗಳಲ್ಲಿ 1:14 ಇರುವುದು ಸಾಮಾನ್ಯ. ಅದಕ್ಕೆ 55 ಗ್ರೇನೇ ಹೆಚ್ಚುಕಡಿಮೆ ಮಿತಿ.

.223 ಅಂತ ಬರೆದ ರೈಫಲ್‌ಗೆ 5.56 ನ್ಯಾಟೋ ತೋಟಾ ಹಾಕಬೇಡಿ. ನೋಡಲು ಎರಡೂ ಒಂದೇ, ಒಳಗೂ ಕೂರುತ್ತದೆ, ಆದರೆ ಒತ್ತಡ ಮಿತಿ ಮೀರಬಹುದು. 5.56 ಅಂತ ಬರೆದ ರೈಫಲ್‌ಗೆ .223 ಹಾಕಿದರೆ ತೊಂದರೆ ಇಲ್ಲ.

ಬೋಲ್ಟ್ ರೈಫಲ್ ಬೇಕಾ, ಮುಂದಿನ ಗುಂಡನ್ನು ತಾನೇ ತುಂಬಿಕೊಳ್ಳುವ ಎಆರ್-15 ಬೇಕಾ ಅಂತ ಜಗಳ ಬಹಳ. ನೆಟ್ಟಗೆ ಹೊಡೆಯಲು ಎರಡರಲ್ಲೂ ಆಗುತ್ತದೆ. ಹೊಸಬರಿಗೆ ಬೋಲ್ಟ್ ಒಳ್ಳೆಯದು ಅನ್ನೋದು ನನ್ನ ಅಭಿಪ್ರಾಯ. ಮುಂದಿನ ಗುಂಡು ಕೈಯಾರೆ ಹಾಕಬೇಕು, ಹಾಗಾಗಿ ಮೊದಲನೆಯದರ ಮೇಲೆ ಗಮನ ಇರುತ್ತದೆ. ಸ್ಕೋಪು 3-9 ಪವರಿನದು, ಅಂದರೆ ಮೂರರಿಂದ ಒಂಬತ್ತು ಪಟ್ಟು ದೊಡ್ಡದಾಗಿ ತೋರಿಸುವುದು, ಸಾಕು. ಮಿಕ್ಕ ದುಡ್ಡಿಗೆ ತೋಟಾ ಕೊಳ್ಳಿ.

ಸಿಡಿ ಪರೀಕ್ಷೆ

ಸ್ಕೋಪನ್ನು 200 ಗಜಕ್ಕೆ ಕೂರಿಸಿ, ಅಂದರೆ ಆ ದೂರದಲ್ಲಿ ಗುರಿ ಇಟ್ಟಲ್ಲೇ ಗುಂಡು ತಾಗುವಂತೆ. 55 ಗ್ರೇನಿನ .223 ಆಗ ನೂರು ಗಜದಲ್ಲಿ ಒಂದೂವರೆ ಇಂಚು ಮೇಲೆ ತಾಗುತ್ತದೆ, 300 ಗಜದಲ್ಲಿ ಏಳು ಇಂಚಿನಷ್ಟು ಕೆಳಗೆ. .22-250, .243 ಎರಡೂ 300ರಲ್ಲಿ ಐದು ಇಂಚಿನ ಆಸುಪಾಸು ಇಳಿಯುತ್ತವೆ. ಸಿಡಿಯ ನಡುವಿನಿಂದ ಅಂಚಿಗೆ ಎರಡೂಕಾಲು ಇಂಚು ಚಿಲ್ಲರೆ ಇದೆಯಲ್ಲ, .223ರಲ್ಲಿ 225 ಗಜದವರೆಗೂ ನಡುವಿಗೇ ಗುರಿ ಇಟ್ಟರೆ ಗುಂಡು ಸಿಡಿಯೊಳಗೇ ಬೀಳುತ್ತದೆ. ಅದಕ್ಕೇ ಮೇಲೆ 225 ಅಂದದ್ದು.

ಇದು ಗಾಳಿ ಇಲ್ಲದ ಲೆಕ್ಕ. ಗಂಟೆಗೆ 10 ಮೈಲಿಯ ಅಡ್ಡಗಾಳಿ ಬೀಸಿದರೆ ಅದೇ ಗುಂಡು 200 ಗಜದಲ್ಲಿ ಸುಮಾರು ಐದು ಇಂಚು ಪಕ್ಕಕ್ಕೆ ಸರಿಯುತ್ತದೆ, 300ರಲ್ಲಿ ಒಂದು ಅಡಿ. ಅಂದರೆ ಎದೆಗೆ ಇಟ್ಟ ಗುರಿ ಹೊಟ್ಟೆಗೆ. ಹುಲ್ಲು ಒಂದೇ ಸಮ ಬಾಗಿ ನಿಂತಿದ್ದರೆ ದೂರದ ಈಡು ಬಿಟ್ಟುಬಿಡಿ.

ಈಗ ಪರೀಕ್ಷೆ. ರಟ್ಟಿನ ಮೇಲೆ ಸಿಡಿ ಇಟ್ಟು ಪೆನ್ಸಿಲಿನಲ್ಲಿ ಸುತ್ತು ಗೆರೆ ಎಳೆಯಿರಿ. ಅಂಥ ನಾಲ್ಕು ವೃತ್ತ ಮಾಡಿ 100 ಗಜದಲ್ಲಿ ನಿಲ್ಲಿಸಿ. ಬೆಂಚಿನ ಮೇಲೆ ಮರಳು ಚೀಲ ಇಟ್ಟು ಹೊಡೆಯುವುದಲ್ಲ. ಜಮೀನಿನಲ್ಲಿ ಹೇಗೆ ಕೂರುತ್ತೀರೋ ಹಾಗೆ ನೆಲದ ಮೇಲೆ ಕೂತು, ಶೂಟಿಂಗ್ ಸ್ಟಿಕ್ ಅನ್ನೋ ಆಸರೆ ಕೋಲಿನ ಮೇಲೆ ನಳಿಗೆ ಇಟ್ಟು ಹೊಡೆಯಿರಿ. ಮೊದಲು ಇಪ್ಪತ್ತು ಬಸ್ಕಿ ಹೊಡೆದು ಎದೆ ಢವಢವ ಅನ್ನುವಾಗಲೇ ಕೂತರೆ ಇನ್ನೂ ನಿಜ. ಹತ್ತಕ್ಕೆ ಹತ್ತೂ ವೃತ್ತದೊಳಗೆ ಬಿದ್ದರೆ 150ಕ್ಕೆ ಹೋಗಿ, ಆಮೇಲೆ 200. ಎಲ್ಲಿ ಒಂದು ಗುಂಡು ಗೆರೆ ದಾಟುತ್ತದೋ, ಅದರ ಹಿಂದಿನ ದೂರವೇ ನಿಮ್ಮ ಮಿತಿ. ರೈಫಲ್‌ನ ಮಿತಿ ಏನೇ ಇರಲಿ. ಬೆಂಚಿನ ಮೇಲೆ ನಾಣ್ಯದಷ್ಟು ಜಾಗಕ್ಕೆ ಐದು ಗುಂಡು ಇಳಿಸುವವರು ನೆಲದ ಮೇಲೆ ಕೂತರೆ 120 ಗಜಕ್ಕೇ ತಪ್ಪುವುದನ್ನು ನೋಡಿದ್ದೇನೆ. ಅವರಿಗೆ .22-250 ಕೊಟ್ಟರೂ ಅವರ ದೂರ 100 ಗಜವೇ. ಅಷ್ಟಕ್ಕೆ .223 ಧಾರಾಳವಾಗಿ ಸಾಕು.

ಹೊಡೆಯುವ ಹೊತ್ತು, ಹೊಡೆದ ಮೇಲೆ

ಓಡುವ ಕಯೋಟಿಗೆ ಹೊಡೆಯಬೇಡಿ. ನಡೆದು ಬರುತ್ತಿದ್ದರೆ ಬಾಯಲ್ಲಿ ಒಂದು ಸಣ್ಣ ಸದ್ದು ಮಾಡಿ. ಇಲ್ಲಿನವರು ನಾಯಿ ಥರ "ವುಫ್" ಅನ್ನುತ್ತಾರೆ. "ಹೋಯ್" ಅಂದರೂ ನಿಲ್ಲುತ್ತದೆ, ಅದಕ್ಕೆ ಭಾಷೆಯ ಭೇದ ಇಲ್ಲ. ನಿಂತು ತಲೆ ಎತ್ತಿ ನೋಡುವ ಎರಡು-ಮೂರು ಸೆಕೆಂಡು ನಿಮ್ಮದು. ಅಡ್ಡ ನಿಂತಿದ್ದರೆ ಮುಂಗಾಲಿನ ಹಿಂದೆ. ಸ್ವಲ್ಪ ಆ ಕಡೆ ತಿರುಗಿದ್ದರೆ ಆಚೆ ಬದಿಯ ಮುಂಗಾಲಿಗೆ ಗುಂಡು ಹೋಗುವಂತೆ. ಬೆನ್ನು ತಿರುಗಿಸಿದ್ದರೆ ಬಿಟ್ಟುಬಿಡಿ.

ಕುದುರೆ ಎಳೆದ ಕೂಡಲೇ ಬೋಲ್ಟ್ ಎಳೆದು ಮುಂದಿನ ಗುಂಡು ಹಾಕಿಕೊಳ್ಳಿ, ಕಣ್ಣು ಸ್ಕೋಪಿನಲ್ಲೇ ಇರಲಿ. ನಿಂತಲ್ಲೇ ಕುಸಿದರೆ ಸರಿ. ಸುತ್ತು ತಿರುಗುತ್ತಾ ತನ್ನ ಪಕ್ಕೆಯನ್ನೇ ಕಚ್ಚಿಕೊಳ್ಳುತ್ತಿದ್ದರೆ ಗುಂಡು ಹಿಂದಕ್ಕೆ, ಹೊಟ್ಟೆಗೆ ಬಿದ್ದಿದೆ. ಕಾಯಬೇಡಿ, ಚರ್ಮ ಹಾಳಾಗುತ್ತದೆ ಅಂತ ಲೆಕ್ಕ ಹಾಕಬೇಡಿ, ತಕ್ಷಣ ಇನ್ನೊಂದು ಈಡು. ಓಡಿಹೋದರೆ ಕೊನೆಗೆ ಕಂಡ ಜಾಗಕ್ಕೆ ಒಂದು ಗುರುತು ಇಟ್ಟುಕೊಂಡು ಹುಡುಕಲೇಬೇಕು. ಅದು ಬೇಲಿ ದಾಟಿದ್ದರೆ ಪಕ್ಕದವರ ಅನುಮತಿ ಕೇಳಿ ಹೋಗಿ. ಈ ಮಾತನ್ನು ಮೊದಲೇ ಆಡಿಟ್ಟುಕೊಂಡಿದ್ದರೆ ಒಳ್ಳೆಯದು.

ಬಿದ್ದ ಪ್ರಾಣಿಯ ಹತ್ತಿರ ಹಿಂದಿನಿಂದ ಹೋಗಿ. ಉದ್ದ ಕಡ್ಡಿಯಿಂದ ಕಣ್ಣುಗುಡ್ಡೆ ಮುಟ್ಟಿ ನೋಡಿ. ರೆಪ್ಪೆ ಅಲ್ಲಾಡಿದರೆ ಇನ್ನೂ ಜೀವ ಇದೆ. ದೂರ ಸರಿದು, ಹಿಂದೆ ಮಣ್ಣು ಇರುವಂತೆ ನೋಡಿಕೊಂಡು, ಎದೆಗೆ ಇನ್ನೊಂದು ಗುಂಡು ಹಾಕಿ. ಬರಿಗೈಯಲ್ಲಿ ಮುಟ್ಟಬೇಡಿ, ಕಜ್ಜಿ, ಚಿಗಟ, ಅಪರೂಪಕ್ಕೆ ರೇಬೀಸ್ ಕೂಡ ಇರುತ್ತದೆ. ಸೀಸದ ಗುಂಡು ಬಳಸಿದ್ದರೆ ಹೆಣವನ್ನು ಬಯಲಲ್ಲಿ ಬಿಡದೆ ಆಳವಾಗಿ ಹೂಳಿ. ಮುಂದಿನ ಸಲ ಬೇರೆ ಥರದ ಡಬ್ಬಿ ಕೊಂಡರೆ, ಅದೇ 55 ಗ್ರೇನ್ ಆಗಿದ್ದರೂ, ಮತ್ತೆ ರಟ್ಟಿನ ಮೇಲೆ ಹೊಡೆದು ಸ್ಕೋಪು ಸರಿ ಇದೆಯಾ ನೋಡಿಕೊಂಡೇ ಜಮೀನಿಗೆ ಹೋಗಿ.